ಸುಡೊಕು ಆಡುವವರಿಗೆ ಯಾವ ಹ್ಯಾಂಡ್‌ಹೆಲ್ಡ್ ಕನ್ಸೋಲ್ ಒಗ್ಗುತ್ತದೆ?

ಕೈಯಲ್ಲಿ ಹಿಡಿದು ಆಡುವ ಗೇಮ್ ಕನ್ಸೋಲಿನಲ್ಲಿ ಸುಡೊಕು ಆಡಬೇಕೆಂದಿರುವವರು ಸಾಮಾನ್ಯವಾಗಿ ಕೇಳುವುದು ಎರಡು ಪ್ರಶ್ನೆ: ಪರದೆ ಎಷ್ಟು ದೊಡ್ಡದು, ಆಟದಲ್ಲಿ ಒಟ್ಟು ಎಷ್ಟು ಸುಡೊಕುಗಳಿವೆ? ಎರಡೂ ಕೇಳಬೇಕಾದ ಪ್ರಶ್ನೆಗಳೇ. ಆದರೆ ನಾನು ಮೊದಲು ನೋಡುವುದು ಬೇರೆ. ಸುಡೊಕು ಚೌಕದ 81 ಮನೆಗಳಲ್ಲಿ (ಖಾನೆಗಳಲ್ಲಿ) ಒಂದರ ಮೂಲೆಯಲ್ಲಿ ‘ಇಲ್ಲಿ 4 ಬರಬಹುದು, ಇಲ್ಲದಿದ್ದರೆ 7’ ಎಂದು ಸಣ್ಣಗೆ ಗುರುತು ಹಾಕಿಕೊಳ್ಳಲು ಎಷ್ಟು ಸಲ ಒತ್ತಬೇಕು? ಆಮೇಲೆ ಅದನ್ನು ಅಳಿಸಲು ಎಷ್ಟು ಸಲ ಒತ್ತಬೇಕು?

ಸುಲಭದ ಸುಡೊಕುವಿಗೆ ಈ ಚಿಂತೆ ಬೇಕಿಲ್ಲ, ಯಾವ ಯಂತ್ರವಾದರೂ ನಡೆಯುತ್ತದೆ. ಕಷ್ಟದ್ದಕ್ಕೆ ಕೈಹಾಕಿದಾಗ ಲೆಕ್ಕ ಬದಲಾಗುತ್ತದೆ. 25 ಅಂಕೆಗಳನ್ನು ಕೊಟ್ಟಿದ್ದಾರೆ ಎಂದುಕೊಳ್ಳಿ, 56 ಮನೆಗಳು ಖಾಲಿ. ಒಂದೊಂದು ಮನೆಗೆ ಎರಡು ಮೂರು ಸಾಧ್ಯತೆಗಳನ್ನು ಬರೆದುಕೊಂಡರೂ ನೂರು ದಾಟಿತು. ಆಟ ಮುಂದುವರಿದಂತೆ ಅಷ್ಟನ್ನೂ ಒಂದೊಂದಾಗಿ ಹೊಡೆದುಹಾಕಬೇಕು. ಉತ್ತರವಾಗಿ ಬರೆಯುವುದು 56 ಅಂಕೆ, ಅದಕ್ಕಾಗಿ ಬರೆದು ಅಳಿಸುವುದು ಅದರ ನಾಲ್ಕು ಪಟ್ಟು. ಈ ಗುರುತು ಹಾಕುವ ಕೆಲಸ ಸಲೀಸಾಗಿದ್ದರೆ ಯೋಚನೆ ಹರಿಯುತ್ತದೆ. ತೊಡಕಾಗಿದ್ದರೆ ತಲೆಯಲ್ಲಿ ಹಿಡಿದಿಟ್ಟ ಎಳೆ ಬಟನ್ ಹುಡುಕುವಷ್ಟರಲ್ಲಿ ಜಾರಿಹೋಗುತ್ತದೆ. ಕನ್ಸೋಲುಗಳನ್ನು ನಾನು ಇಲ್ಲಿ ಹೋಲಿಸುವುದು ಮುಖ್ಯವಾಗಿ ಈ ಒಂದು ವಿಷಯದ ಮೇಲೆ.

ಮೊದಲು ಮನೆಯ ಅಳತೆ

ಕಂಪನಿಗಳು ಪರದೆಯ ಅಳತೆಯನ್ನು ಕರ್ಣದ ಇಂಚುಗಳಲ್ಲಿ ಹೇಳುತ್ತವೆ. ಸುಡೊಕುವಿಗೆ ಆ ಅಂಕಿ ದಾರಿ ತಪ್ಪಿಸುತ್ತದೆ. ನಮ್ಮ ಚೌಕ ಸಮಚೌಕ, ಪರದೆ ಅಗಲ. ಆದ್ದರಿಂದ ಲೆಕ್ಕಕ್ಕೆ ಬರುವುದು ಪರದೆಯ ಗಿಡ್ಡ ಬದಿ ಮಾತ್ರ. ಅದನ್ನು ಒಂಬತ್ತರಿಂದ ಭಾಗಿಸಿದರೆ ಒಂದು ಮನೆ ಹೆಚ್ಚೆಂದರೆ ಎಷ್ಟು ದೊಡ್ಡದಾಗಬಹುದು ಎಂಬುದು ಸಿಗುತ್ತದೆ. ಆಟದವರು ಅಂಚಿಗೆ ಜಾಗ ಬಿಟ್ಟರೆ ಇನ್ನೂ ಚಿಕ್ಕದು.

ಹೀಗೆ ಲೆಕ್ಕ ಹಾಕಿದರೆ ನಿಂಟೆಂಡೊ ಕಂಪನಿಯ, ಮೇಲೊಂದು ಕೆಳಗೊಂದು 3 ಇಂಚಿನ ಪರದೆಯಿರುವ ಡಿಎಸ್‌ನಲ್ಲಿ ಒಂದು ಮನೆ ಸುಮಾರು 5 ಮಿಲಿಮೀಟರ್. ಸೋನಿ ಕಂಪನಿಯ 4.3 ಇಂಚಿನ ಪಿಎಸ್‌ಪಿಯಲ್ಲಿ 6, ಪಿಎಸ್ ವೀಟಾದಲ್ಲಿ 7ರ ಹತ್ತಿರ. ಡಿಎಸ್‌ನ ದೊಡ್ಡ ಮಾದರಿಯಾದ ಡಿಎಸ್‌ಐ ಎಕ್ಸ್‌ಎಲ್‌ನ ಪರದೆ 4.2 ಇಂಚು, ಅಂದರೆ ಪಿಎಸ್‌ಪಿಗಿಂತ ಚಿಕ್ಕದು. ಆದರೂ ಅದರ ಆಕಾರ ಚೌಕಕ್ಕೆ ಹತ್ತಿರವಾದ್ದರಿಂದ ಮನೆ 7 ಮಿಲಿಮೀಟರ್ ಬರುತ್ತದೆ. ನಿಂಟೆಂಡೊದ ಈಚಿನ ಕನ್ಸೋಲ್ ಸ್ವಿಚ್‌ನ ಚಿಕ್ಕ ಮಾದರಿಯಾದ ಸ್ವಿಚ್ ಲೈಟ್‌ನಲ್ಲಿ ಏಳೂವರೆ, ಮೊದಲ ಸ್ವಿಚ್‌ನಲ್ಲಿ ಎಂಟೂವರೆ, 7 ಇಂಚಿನ ಓಎಲ್‌ಇಡಿ ಸ್ವಿಚ್‌ನಲ್ಲಿ ಒಂಬತ್ತೂವರೆಗೂ ತುಸು ಹೆಚ್ಚು. ಸ್ವಿಚ್ 2 ಮತ್ತು ಸ್ಟೀಮ್ ಡೆಕ್ ಎರಡರಲ್ಲೂ ಹತ್ತು ದಾಟುತ್ತದೆ.

ಬೆರಳ ತುದಿ ಗಾಜಿನ ಮೇಲೆ ಸುಮಾರು ಒಂದು ಸೆಂಟಿಮೀಟರ್ ಜಾಗವನ್ನು ಮುಚ್ಚುತ್ತದೆ. ಮನೆ ಅದಕ್ಕಿಂತ ಚಿಕ್ಕದಾದಷ್ಟೂ ಪಕ್ಕದ ಮನೆಯನ್ನು ಮುಟ್ಟುವ ಸಂಭವ ಹೆಚ್ಚು. ಹಾಗಾಗಿ ಡಿಎಸ್‌ನಲ್ಲಿ ಬೆರಳಿನಿಂದ ಆಡುವ ಮಾತೇ ಇಲ್ಲ, ಪರದೆಯ ಮೇಲೆ ಬರೆಯುವ ಕಡ್ಡಿ (ಸ್ಟೈಲಸ್) ಬೇಕೇ ಬೇಕು. ಸ್ವಿಚ್‌ನಲ್ಲಿ ಬೆರಳು ನಡೆಯುತ್ತದೆ, ಆದರೆ ಗಮನವಿಡಬೇಕು.

ಡಿಎಸ್: ಬರೆಯುವ ಸುಖ

ಸುಡೊಕು ಮತ್ತು ಡಿಎಸ್ ಜಗತ್ತಿಗೆ ಹೆಚ್ಚುಕಡಿಮೆ ಒಟ್ಟಿಗೇ ಬಂದವು. 2004ರ ನವೆಂಬರಿನಲ್ಲಿ ಲಂಡನ್ನಿನ ‘ದಿ ಟೈಮ್ಸ್’ ಪತ್ರಿಕೆ ಸುಡೊಕು ಅಚ್ಚು ಹಾಕಲು ಶುರುಮಾಡಿತು. ಅದೇ ತಿಂಗಳು ಅಮೆರಿಕದಲ್ಲಿ ಡಿಎಸ್ ಮಾರಾಟಕ್ಕೆ ಬಂತು. 2006ರಲ್ಲಿ ‘ಬ್ರೇನ್ ಏಜ್’ ಎಂಬ ಮೆದುಳಿನ ಕಸರತ್ತಿನ ಆಟ ಜಪಾನಿನಿಂದ ಹೊರಗೆ ಬಂದಾಗ, ಜಪಾನಿ ಆವೃತ್ತಿಯಲ್ಲಿ ಇಲ್ಲದಿದ್ದ ಸುಡೊಕುವನ್ನು ಅದಕ್ಕೆ ಸೇರಿಸಿದರು. ಲಕ್ಷಾಂತರ ಜನ ಕನ್ಸೋಲಿನಲ್ಲಿ ಮೊದಲು ಸುಡೊಕು ಆಡಿದ್ದು ಅದರಲ್ಲೇ. ಸುಡೊಕುವಿಗೆಂದೇ ಮಾಡಿದ ‘ಸುಡೊಕು ಗ್ರಿಡ್‌ಮಾಸ್ಟರ್’ ಕೂಡ ಅಮೆರಿಕದಲ್ಲಿ ಅದೇ ವರ್ಷ ಬಂತು.

ಇಷ್ಟು ಹಳೆಯ ಯಂತ್ರವನ್ನು ಇಂದಿಗೂ ಶಿಫಾರಸು ಮಾಡಲು ಕಾರಣ ಅದರ ಕೆಳಪರದೆ. ಅದು ಒತ್ತಡವನ್ನು ಗ್ರಹಿಸುವ ಜಾತಿಯದು. ಬೆರಳಿನ ವಿದ್ಯುತ್ತನ್ನು ಅದು ಹುಡುಕುವುದಿಲ್ಲ, ಮೇಲಿನ ಪದರ ಎಲ್ಲಿ ಬಾಗಿ ಕೆಳಗಿನದನ್ನು ಮುಟ್ಟಿತು ಎಂದು ನೋಡುತ್ತದೆ. ಹೀಗಾಗಿ ಪ್ಲಾಸ್ಟಿಕ್ ಕಡ್ಡಿಯ ಚೂಪು ತುದಿ ಸಾಕು, ಗುರಿ ಕರಾರುವಾಕ್ಕು. ಇಂದಿನ ಫೋನು, ಟ್ಯಾಬ್ಲೆಟ್, ಸ್ವಿಚ್‌ಗಳ ಗಾಜಿಗೆ ಅಂಥ ಕಡ್ಡಿ ತಗಲಿದರೆ ಗೊತ್ತೇ ಆಗುವುದಿಲ್ಲ. ಅವಕ್ಕೆ ವಿದ್ಯುತ್ ಹರಿಯುವ ತುದಿಯ ಸ್ಟೈಲಸ್ ಬೇಕು, ಅದರ ರಬ್ಬರ್ ತುದಿಯೋ ದಪ್ಪ.

‘ಬ್ರೇನ್ ಏಜ್’ ಆಡುವಾಗ ಡಿಎಸ್ ಅನ್ನು ಪುಸ್ತಕದಂತೆ ಅಡ್ಡ ತಿರುಗಿಸಿ ಹಿಡಿಯಬೇಕು. ಬರೆಯುವ ಕೈ ಯಾವುದೆಂದು ಮೊದಲೇ ಕೇಳಿ, ಎಡಗೈಯವರಿಗೆ ತಕ್ಕಂತೆ ಪರದೆಗಳನ್ನು ಅದಲು ಬದಲು ಮಾಡಿಕೊಡುತ್ತದೆ. ಎಡಗೈಯಲ್ಲಿ ಬರೆಯುವವರ ಬಗ್ಗೆ ಇಷ್ಟು ಕಾಳಜಿ ತೋರಿದ ಸುಡೊಕು ಆಟಗಳು ಕಡಿಮೆ. ಮನೆಯನ್ನು ಮುಟ್ಟಿದರೆ ಆ ಭಾಗ ದೊಡ್ಡದಾಗಿ ತೆರೆದುಕೊಳ್ಳುತ್ತದೆ, ಅಲ್ಲಿ ಕೈಬರಹದಲ್ಲೇ ಅಂಕೆ ಬರೆಯಬಹುದು.

ಕೈಬರಹ ಓದುವ ಆಟಗಳ ಕೊರತೆ ಗೊತ್ತಾಗುವುದು 4 ಮತ್ತು 9ರ ನಡುವೆ. 4ರ ಮೇಲ್ಭಾಗವನ್ನು ಮುಚ್ಚಿ ಬರೆಯುವ ಅಭ್ಯಾಸವಿದ್ದರೆ ಯಂತ್ರ ಅದನ್ನು 9 ಎಂದು ಓದುವುದುಂಟು. 1ಕ್ಕೆ ತಲೆಯ ಮೇಲೆ ಕೊಂಡಿ ಹಾಕುವವರಿಗೆ 7 ಬಂದು ಕೂರುತ್ತದೆ. 4 ಅನ್ನು ಮೇಲೆ ತೆರೆದು, ಎರಡು ಗೀಟುಗಳಲ್ಲಿ, ನಡುವೆ ಕಡ್ಡಿ ಎತ್ತಿ ಬರೆದರೆ ಈ ತೊಂದರೆ ಬಹುಮಟ್ಟಿಗೆ ತಪ್ಪುತ್ತದೆ. 1ಕ್ಕೆ ಒಂದೇ ನೇರ ಗೀಟು ಸಾಕು. ಕೈ ಇದಕ್ಕೆ ಬೇಗ ಒಗ್ಗುತ್ತದೆ. ಬರೆಯುವುದು ಬೇಡ ಎನ್ನುವವರು, ಪಟ್ಟಿಯಿಂದ ಅಂಕೆ ಮುಟ್ಟಿ ಹಾಕುವ ಆಟವನ್ನು ಆರಿಸಿಕೊಳ್ಳಲಿ.

ಇನ್ನೊಂದು ಮಿತಿ ಪಿಕ್ಸೆಲ್‌ಗಳದ್ದು. ಡಿಎಸ್ ಪರದೆ 256×192. 192ನ್ನು ಒಂಬತ್ತರಿಂದ ಭಾಗಿಸಿದರೆ ಒಂದು ಮನೆಗೆ 21 ಪಿಕ್ಸೆಲ್. ಅದರೊಳಗೆ ಒಂಬತ್ತೂ ಸಾಧ್ಯತೆಗಳನ್ನು ಮೂರು ಮೂರರಂತೆ ಜೋಡಿಸಿದರೆ ಒಂದೊಂದು ಸಣ್ಣ ಅಂಕೆಗೆ 7 ಪಿಕ್ಸೆಲ್, ಗೆರೆಗಳಿಗೆ ಬಿಟ್ಟರೆ 6. ಓದಲು ಆಗುತ್ತದೆ, ಆದರೆ 6 ಮತ್ತು 8ರ ವ್ಯತ್ಯಾಸ ಒಂದು ಚುಕ್ಕಿಯಷ್ಟೇ. ಪಿಎಸ್‌ಪಿಯಲ್ಲಿ ಮನೆಗೆ 30 ಪಿಕ್ಸೆಲ್, ವೀಟಾದಲ್ಲಿ 60, 720 ಸಾಲುಗಳ ಸ್ವಿಚ್‌ನಲ್ಲಿ 80. ಕಣ್ಣಿನ ಶಕ್ತಿ ತಗ್ಗುತ್ತಿರುವವರು ಚಿಕ್ಕ ಡಿಎಸ್ ಕೊಳ್ಳಬಾರದು, ಎಕ್ಸ್‌ಎಲ್ ಮಾದರಿಯನ್ನೇ ನೋಡಬೇಕು. ಅದರಲ್ಲೂ ಪಿಕ್ಸೆಲ್ ಅಷ್ಟೇ, ಆದರೆ ಒಂದೊಂದೂ ದೊಡ್ಡದಾಗಿ ಕಾಣುತ್ತದೆ.

ಡಿಎಸ್‌ನ ನಂತರ ಬಂದ 3ಡಿಎಸ್ ಕುಟುಂಬದ ಯಂತ್ರಗಳೂ ಡಿಎಸ್ ಕಾರ್ಟ್ರಿಡ್ಜ್‌ಗಳನ್ನು (ಆಟ ತುಂಬಿದ, ಯಂತ್ರಕ್ಕೆ ಸಿಕ್ಕಿಸುವ ಬಿಲ್ಲೆಗಳನ್ನು) ಓಡಿಸುತ್ತವೆ. ಒಂದು ಉಪಾಯ ಇಲ್ಲಿ ಗೊತ್ತಿರಬೇಕು: 3ಡಿಎಸ್ ಹಳೆಯ ಆಟವನ್ನು ಹಿಗ್ಗಿಸಿ ತೋರಿಸುವುದರಿಂದ ಸಣ್ಣ ಅಂಕೆಗಳು ಮಸುಕಾಗುತ್ತವೆ. ಆಟ ತೆರೆಯುವಾಗ ಸ್ಟಾರ್ಟ್ ಅಥವಾ ಸೆಲೆಕ್ಟ್ ಬಟನ್ ಒತ್ತಿ ಹಿಡಿದರೆ ಮೂಲ ಅಳತೆಯಲ್ಲೇ, ಚೊಕ್ಕವಾಗಿ ಬರುತ್ತದೆ. ಚಿತ್ರ ಚಿಕ್ಕದಾಗುತ್ತದೆ ನಿಜ, ಆದರೆ ಎಕ್ಸ್‌ಎಲ್ ಪರದೆಯಲ್ಲಿ ಅದು ಸಹ್ಯ. 3ಡಿಎಸ್‌ಗೆಂದೇ ಬಂದ ಡೌನ್‌ಲೋಡ್ ಆಟಗಳನ್ನು ಈಗ ಹೊಸದಾಗಿ ಕೊಳ್ಳಲು ಬರುವುದಿಲ್ಲ, ಆ ಮಳಿಗೆ 2023ರ ಮಾರ್ಚ್‌ನಲ್ಲಿ ಮುಚ್ಚಿತು. ಡಿಎಸ್‌ಐನದು 2017ರಲ್ಲೇ ಮುಚ್ಚಿತ್ತು. ಹಾಗಾಗಿ ಈ ಕುಟುಂಬವನ್ನು ಆರಿಸಿಕೊಂಡರೆ ನಿಮ್ಮ ಪಾಲಿಗೆ ಉಳಿದಿರುವುದು ಕಾರ್ಟ್ರಿಡ್ಜ್ ಮಾತ್ರ. ಡಿಎಸ್ ಕಾರ್ಟ್ರಿಡ್ಜ್‌ಗಳಿಗೆ ದೇಶದ ಬೀಗ ಇಲ್ಲದ್ದರಿಂದ ಎಲ್ಲಿಯದಾದರೂ ನಡೆಯುತ್ತದೆ.

ಬಟನ್‌ಗಳಿಂದ ಆಡುವುದು

ಪಿಎಸ್‌ಪಿಗೆ ಟಚ್‌ಸ್ಕ್ರೀನ್ ಇಲ್ಲ. ‘ಗೋ! ಸುಡೊಕು’ ಎಂಬ ಆಟವಿದೆ, ಚಿತ್ರ ಚೆನ್ನಾಗಿದೆ, ಮಾಮೂಲಿ ಕಷ್ಟದ ಮಟ್ಟಕ್ಕೆ ಸಾಕು. ಸುಡೊಕುವಿಗೆಂದೇ ಇಂದು ಪಿಎಸ್‌ಪಿ ಕೊಳ್ಳಿ ಎಂದು ನಾನು ಹೇಳುವುದಿಲ್ಲ. ಈಗಾಗಲೇ ಇದ್ದರೆ ಆಡಿ.

ಆದರೆ ಬಟನ್‌ಗಳನ್ನು ಅಷ್ಟಕ್ಕೇ ತಳ್ಳಿಹಾಕಬಾರದು. ಚೆನ್ನಾಗಿ ಮಾಡಿದ ಬಟನ್ ವ್ಯವಸ್ಥೆ ಬೆರಳಿಗಿಂತ ವೇಗವಾಗಿ ಓಡುತ್ತದೆ, ಪರದೆಯನ್ನು ಕೈ ಮರೆ ಮಾಡುವುದೂ ಇಲ್ಲ. ಚೆನ್ನಾಗಿದೆಯೋ ಇಲ್ಲವೋ ಎಂದು ತಿಳಿಯಲು ನಾನು ನೋಡುವುದು ಎರಡು ಸಂಗತಿ.

ಮೊದಲನೆಯದು ಕರ್ಸರ್ ಸುತ್ತಿ ಬರುತ್ತದೆಯೇ ಎಂಬುದು. ಬಲತುದಿಯ ಮನೆಯಲ್ಲಿ ನಿಂತು ಮತ್ತೊಮ್ಮೆ ಬಲಕ್ಕೆ ಒತ್ತಿದರೆ ಎಡತುದಿಗೆ ಹೋಗಬೇಕು. ಹೀಗೆ ಸುತ್ತುವ ಆಟದಲ್ಲಿ ಮೇಲಿನ ಎಡಮೂಲೆಯಿಂದ ಕೆಳಗಿನ ಬಲಮೂಲೆಗೆ ಎರಡೇ ಒತ್ತು. ಸುತ್ತದಿದ್ದರೆ ಹದಿನಾರು. ಸುತ್ತುವ ಆಟದಲ್ಲಿ ಎಲ್ಲಿಂದ ಎಲ್ಲಿಗೆ ಹೋಗುವುದಾದರೂ ಎಂಟು ಒತ್ತಿಗಿಂತ ಹೆಚ್ಚು ಬೇಕಾಗುವುದೇ ಇಲ್ಲ. ಒಂದು ಕಷ್ಟದ ಸುಡೊಕು ಮುಗಿಯುವಷ್ಟರಲ್ಲಿ ಈ ವ್ಯತ್ಯಾಸವನ್ನು ಹೆಬ್ಬೆರಳೇ ಹೇಳುತ್ತದೆ.

ಎರಡನೆಯದು ಅಂಕೆ ಆರಿಸುವ ಬಗೆ. ಒಂದೊಂದೇ ಅಂಕೆ ಏರಿಸುತ್ತಾ 9ರವರೆಗೆ ಹೋಗಬೇಕಾದ ಆಟವನ್ನು ಅಲ್ಲೇ ಬಿಟ್ಟುಬಿಡಿ. ಒಳ್ಳೆಯ ಆಟಗಳು ಫೋನಿನ ಅಂಕೆಗಳಂತೆ 3×3 ಜೋಡಣೆ ಕೊಡುತ್ತವೆ. ಹೆಬ್ಬೆರಳಿನಿಂದ ತಳ್ಳುವ ಅನಲಾಗ್ ಸ್ಟಿಕ್‌ಗೆ ಎಂಟು ದಿಕ್ಕು, ನಡುವಿನದು ಒಂದು, ಒಟ್ಟು ಒಂಬತ್ತು. ಸುಡೊಕುವಿಗೆ ಇದಕ್ಕಿಂತ ಹೇಳಿ ಮಾಡಿಸಿದ್ದು ಇನ್ನಾವುದು? ಸ್ಟಿಕ್ ಅನ್ನು ಮೇಲಿನ ಎಡಕ್ಕೆ ತಳ್ಳಿದರೆ 1, ನೇರ ಕೆಳಕ್ಕೆ 8, ಹಾಗೇ ಬಿಟ್ಟು ಒತ್ತಿದರೆ 5. ಯಂತ್ರದ ಮೇಲಂಚಿನಲ್ಲಿರುವ ‘ಭುಜದ ಬಟನ್’ ಹಿಡಿದು ಅದನ್ನೇ ಮಾಡಿದರೆ ಸಣ್ಣ ಗುರುತು. ಹೀಗಿದ್ದರೆ ಕಣ್ಣು ಚೌಕದ ಮೇಲಿಂದ ಕದಲುವುದೇ ಬೇಡ. ಗುರುತಿಗೂ ಉತ್ತರಕ್ಕೂ ಬದಲಿಸಲು ಮೆನುವಿಗೆ ಹೋಗಿ ಬರಬೇಕಾದ ಆಟಗಳೂ ಇವೆ. ಅವುಗಳಲ್ಲಿ ಕಷ್ಟದ ಸುಡೊಕು ಬಿಡಿಸುವುದು ದಣಿವಿನ ಕೆಲಸ.

ಸ್ವಿಚ್: ಎರಡೂ ಉಂಟು

ಇಂದು ಹೊಸದಾಗಿ ಕೊಳ್ಳುವ ಬಹುತೇಕರಿಗೆ ಉತ್ತರ ಸ್ವಿಚ್ ಕುಟುಂಬವೇ. ಬಟನ್ ಇದೆ, ಟಚ್ ಇದೆ, ಆಟದ ಮಳಿಗೆ ತೆರೆದಿದೆ, ಸುಡೊಕು ಆಟಗಳು ಬೇಕಾದಷ್ಟಿವೆ. ಆದರೆ ಎಲ್ಲ ಆಟಗಳೂ ಎರಡೂ ಬಗೆಯಲ್ಲಿ ಆಡಲು ಬಿಡುತ್ತವೆ ಎಂದುಕೊಳ್ಳಬೇಡಿ. ಫೋನಿನಿಂದ ಎತ್ತಿ ತಂದ ಆಟಗಳಲ್ಲಿ ಟಚ್ ಚೆನ್ನಾಗಿದ್ದು ಬಟನ್ ಕಾಟಾಚಾರದ್ದಾಗಿರುತ್ತದೆ. ಇನ್ನು ಕೆಲವಕ್ಕೆ ಟಚ್ ಬಂದೇ ಇಲ್ಲ. ಡಾಕ್‌ಗೆ (ಟಿವಿಗೆ ಜೋಡಿಸುವ ಪೀಠಕ್ಕೆ) ಸಿಕ್ಕಿಸಿ ಟಿವಿಯಲ್ಲಿ ಆಡುವಾಗ ಟಚ್ ಕೆಲಸ ಮಾಡುವುದಿಲ್ಲ ಎಂಬುದನ್ನೂ ನೆನಪಿಡಿ. ಮಳಿಗೆಯ ಪುಟದಲ್ಲಿ ಟಿವಿ, ಟೇಬಲ್‌ಟಾಪ್, ಹ್ಯಾಂಡ್‌ಹೆಲ್ಡ್ ಎಂದು ಯಾವ ಯಾವ ರೀತಿ ಆಡಬಹುದೆಂದು ಬರೆದಿರುತ್ತಾರೆ. ಟಿವಿಯಲ್ಲಿ ಆಡಲು ಬರುವ ಆಟ ಎಂದರೆ ಬಟನ್‌ನಿಂದಲೂ ಆಡಬಹುದು ಎಂದೇ ಅರ್ಥ. ಡೆಮೊ ಇದ್ದರೆ ಮೊದಲು ಅದನ್ನೇ ಇಳಿಸಿಕೊಂಡು, ಒಂದು ಮನೆಗೆ ಎರಡು ಗುರುತು ಹಾಕಿ ಅಳಿಸಿ ನೋಡಿ.

ಕುಟುಂಬದೊಳಗೆ ಆಯ್ಕೆ ಹೇಗೆ? ಲೈಟ್ 275 ಗ್ರಾಂ, ಎರಡು ಬದಿಗೆ ಸಿಕ್ಕಿಸುವ ಬಟನ್ ಹಿಡಿಗಳಾದ ಜಾಯ್‌ಕಾನ್ ಸೇರಿ ಮೊದಲ ಸ್ವಿಚ್ ಸುಮಾರು 400 ಗ್ರಾಂ. ಮಲಗಿಕೊಂಡು ಆಡುವವರಿಗೆ, ಕೈ ಬೇಗ ಸೋಲುವವರಿಗೆ ಲೈಟ್ ಹಿತ. ಅದರಲ್ಲಿ ನಿಜವಾದ ಡಿ-ಪ್ಯಾಡ್ (ನಾಲ್ಕು ದಿಕ್ಕಿಗೂ ಒತ್ತುವ ಒಂದೇ ಗುಂಡಿ) ಇರುವುದೂ ಸುಡೊಕುವಿಗೆ ಲಾಭ. ಜಾಯ್‌ಕಾನ್‌ಗಳಲ್ಲಿ ಅದರ ಬದಲು ನಾಲ್ಕು ಬಿಡಿ ಗುಂಡಿಗಳಿವೆ. ಕಡ್ಡಿ ಹಿಡಿದು ಬರೆಯುವ ರುಚಿ ಬಿಡದವರು ದೊಡ್ಡ ಸ್ವಿಚ್ ತೆಗೆದುಕೊಳ್ಳಲಿ. ಎರಡೂ ಜಾಯ್‌ಕಾನ್ ಬಿಚ್ಚಿ ಮೇಜಿನ ಮೇಲೆ ಸಪಾಟಾಗಿ ಮಲಗಿಸಿದರೆ ಅದೊಂದು ಸ್ಲೇಟು. ಹಿಂಬದಿಯ ಕಾಲಿನ ಮೇಲೆ ನಿಲ್ಲಿಸಿ ಮುಟ್ಟುತ್ತಾ ಆಡಿದರೆ ಒಂದೊಂದು ಒತ್ತಿಗೂ ಅಲುಗಾಡುತ್ತದೆ, ಅದು ಬೇಡ.

ಎಡಗೈಯವರಿಗೆ ಒಂದು ಎಚ್ಚರಿಕೆ. ಅಗಲ ಪರದೆಯ ಆಟಗಳಲ್ಲಿ ಚೌಕ ಎಡಕ್ಕೂ ಅಂಕೆಗಳು ಬಲಕ್ಕೂ ಇರುವುದು ರೂಢಿ. ಎಡಗೈ ಚಾಚಿ ಬಲಗಡೆಯ ಅಂಕೆ ಮುಟ್ಟುವಾಗ ಇಡೀ ಚೌಕ ಕೈಯಡಿ ಮರೆಯಾಗುತ್ತದೆ. ಜಾಗ ಬದಲಿಸುವ ಸೌಲಭ್ಯ ಇದೆಯೇ ನೋಡಿಕೊಳ್ಳಿ, ಇಲ್ಲದಿದ್ದರೆ ಬಟನ್ ವ್ಯವಸ್ಥೆ ಚೆನ್ನಾಗಿರುವ ಆಟವನ್ನು ಆರಿಸಿ.

ಸ್ವಿಚ್ 2ರಲ್ಲಿ ಮನೆ ದೊಡ್ಡದು, ಚಿತ್ರ ಇನ್ನೂ ಚೊಕ್ಕ. ಬರೀ ಸುಡೊಕುವಿಗಾಗಿ ಅದಕ್ಕೆ ಹೋಗಬೇಕಾದ ಅಗತ್ಯ ನನಗೆ ಕಾಣುವುದಿಲ್ಲ.

ಸ್ಟೀಮ್ ಡೆಕ್: ಗಂಭೀರವಾಗಿ ಆಡುವವರಿಗೆ

ಮಾಮೂಲಿ ಸುಡೊಕು ದಾಟಿ ಕಿಲ್ಲರ್, ಸ್ಯಾಂಡ್‌ವಿಚ್, ಥರ್ಮೋ ಎಂದು ಬಗೆಬಗೆಯ ನಿಯಮಗಳ ಸುಡೊಕುಗಳಿಗೆ ಇಳಿದವರಿಗೆ ನಾನು ಹೇಳುವುದು ಸ್ಟೀಮ್ ಡೆಕ್. ಇದು ಒಳಗೆ ಪೂರ್ತಿ ಕಂಪ್ಯೂಟರ್. ‘ಕ್ರ್ಯಾಕಿಂಗ್ ದ ಕ್ರಿಪ್ಟಿಕ್’ ಯೂಟ್ಯೂಬ್ ಚಾನೆಲ್‌ನವರ ಸುಡೊಕು ಆಟಗಳು ಸ್ಟೀಮ್ ಎಂಬ ಆನ್‌ಲೈನ್ ಆಟದ ಮಳಿಗೆಯಲ್ಲಿ ಸಿಗುತ್ತವೆ. ಡೆಸ್ಕ್‌ಟಾಪ್ ಮೋಡ್‌ಗೆ ಹೋದರೆ ಬ್ರೌಸರಿನಲ್ಲಿ ‘ಸುಡೊಕುಪ್ಯಾಡ್’ ಜಾಲತಾಣ ತೆರೆದು, ಪ್ರಪಂಚದ ಎಲ್ಲೆಡೆಯವರು ಕೈಯಾರೆ ಕಟ್ಟಿದ ಒಗಟುಗಳನ್ನು ಆಡಬಹುದು.

ಇಂಥ ಆಟಗಳಲ್ಲಿ ಗುರುತು ಒಂದೇ ಬಗೆಯದಲ್ಲ, ಎರಡು. ‘ಈ 3×3 ಚಿಕ್ಕ ಚೌಕದಲ್ಲಿ 3 ಎಂಬ ಅಂಕೆ ಈ ಎರಡು ಮನೆಗಳಲ್ಲಿ ಒಂದರಲ್ಲಿದೆ’ ಎನ್ನಲು ಮೂಲೆಯ ಗುರುತು. ‘ಈ ಮನೆಯಲ್ಲಿ ಇರುವುದು 2, 6, 8ರಲ್ಲಿ ಒಂದು’ ಎನ್ನಲು ನಡುವಿನ ಗುರುತು. ಮೂಲೆಯ ಗುರುತನ್ನು ಎರಡೇ ಮನೆಗಳಿಗೆ ಸೀಮಿತವಾದಾಗ ಮಾತ್ರ ಹಾಕುವ ಪದ್ಧತಿಗೆ, ಮೂರು ಸಲ ವಿಶ್ವ ಸುಡೊಕು ಚಾಂಪಿಯನ್ ಆದ ಥಾಮಸ್ ಸ್ನೈಡರ್ ಅವರ ಹೆಸರೇ ನಿಂತಿದೆ. ಈ ಎರಡನ್ನೂ ಬೇರೆ ಬೇರೆ ಇಡಲು ಬಿಡುವ ಆಟ ಸಿಕ್ಕಿದ ಮೇಲೆ ಒಂದೇ ಬಗೆಯ ಗುರುತಿನ ಆಟಕ್ಕೆ ಮರಳುವುದು ಕಷ್ಟ.

ಡೆಕ್‌ನ ದೊಡ್ಡ ಗುಣ ಬಟನ್‌ಗಳನ್ನು ನಮಗೆ ಬೇಕಾದಂತೆ ಹೊಂದಿಸಿಕೊಳ್ಳಲು ಬರುವುದು. ಬಲಗಡೆಯ ಟ್ರ್ಯಾಕ್‌ಪ್ಯಾಡ್‌ಗೆ ಒಂಬತ್ತು ಗುಂಡಿಗಳ ಟಚ್ ಮೆನು ಹಾಕಿ, ಒಂದೊಂದಕ್ಕೂ ಕೀಬೋರ್ಡಿನ 1ರಿಂದ 9 ಕೊಡಿ. ಡಿ-ಪ್ಯಾಡ್‌ಗೆ ಬಾಣದ ಕೀಗಳು. ಹಿಂದಿನ ನಾಲ್ಕು ಬಟನ್‌ಗಳಲ್ಲಿ ಒಂದಕ್ಕೆ ಶಿಫ್ಟ್, ಒಂದಕ್ಕೆ ಕಂಟ್ರೋಲ್. ಸುಡೊಕುಪ್ಯಾಡ್‌ನಲ್ಲಿ ಶಿಫ್ಟ್ ಹಿಡಿದರೆ ಮೂಲೆಯ ಗುರುತು, ಕಂಟ್ರೋಲ್ ಹಿಡಿದರೆ ನಡುವಿನದು. ಹೊಂದಿಸಲು ಸ್ವಲ್ಪ ಹೊತ್ತು ಹಿಡಿಯುತ್ತದೆ. ಆಮೇಲೆ ಎಡಹೆಬ್ಬೆರಳು ಮನೆ ಹುಡುಕುತ್ತದೆ, ಬಲಹೆಬ್ಬೆರಳು ಅಂಕೆ ಹಾಕುತ್ತದೆ, ಹಿಂದಿನ ಬೆರಳು ಗುರುತಿನ ಬಗೆ ತೀರ್ಮಾನಿಸುತ್ತದೆ. ಕೈಯಲ್ಲಿ ಹಿಡಿಯುವ ಬೇರೆ ಯಾವ ಯಂತ್ರದಲ್ಲೂ ನಾನು ಇಷ್ಟು ಸಲೀಸಾದ ವ್ಯವಸ್ಥೆ ಕಂಡಿಲ್ಲ.

ಬೆಲೆ ತೆರಬೇಕಾದದ್ದು ತೂಕದಲ್ಲಿ. ಮೊದಲ ಡೆಕ್ 669 ಗ್ರಾಂ, ಓಎಲ್‌ಇಡಿ ಮಾದರಿ 640. ಡಿಎಸ್ ಲೈಟ್‌ನ ಮೂರು ಪಟ್ಟು. ತೊಡೆಯ ಮೇಲೋ ದಿಂಬಿನ ಮೇಲೋ ಇಟ್ಟುಕೊಂಡೇ ಆಡಬೇಕು. ಫ್ರೇಮ್ ದರವನ್ನು (ಸೆಕೆಂಡಿಗೆ ಎಷ್ಟು ಸಲ ಚಿತ್ರ ಬದಲಾಗುತ್ತದೆ ಎಂಬುದನ್ನು) ತಗ್ಗಿಸಿದರೆ ಬ್ಯಾಟರಿ ಚೆನ್ನಾಗಿ ಬಾಳುತ್ತದೆ, ಸುಡೊಕುವಿಗೆ ಹೆಚ್ಚಿನ ದರ ಬೇಕಿಲ್ಲ. ಸ್ಟೀಮ್‌ನಲ್ಲಿ ಕೊಂಡ ಆಟ ಹಿಡಿಸದಿದ್ದರೆ 14 ದಿನಗಳೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ, ಹಣ ವಾಪಸು ಕೇಳಬಹುದು. ಗುರುತಿನ ವ್ಯವಸ್ಥೆ ಹೇಗಿದೆ ಎಂದು ನೋಡಲು ಎರಡು ಗಂಟೆ ಧಾರಾಳ.

ಯಂತ್ರಕ್ಕಿಂತ ಆಟ ಮುಖ್ಯವಾಗುವ ಕಡೆ

ಸುಡೊಕುಗಳು ಹುಟ್ಟುವುದು ಎರಡು ರೀತಿ. ಇಂದಿನ ರೂಪದ ಒಗಟನ್ನು ಹೋವರ್ಡ್ ಗಾರ್ನ್ಸ್ 1979ರಲ್ಲಿ ಅಮೆರಿಕದ ಡೆಲ್ ಪತ್ರಿಕೆಗೆ ಮಾಡಿದರು. 1984ರಲ್ಲಿ ಜಪಾನಿನ ಒಗಟುಗಳ ಪ್ರಕಾಶನ ನಿಕೋಲಿ ಅದನ್ನು ತೆಗೆದುಕೊಂಡು, ಮುಂದೆ ಎರಡು ಕಟ್ಟಳೆ ಹಾಕಿತು: ಕೊಟ್ಟ ಅಂಕೆಗಳು 32 ಮೀರಬಾರದು, ಚೌಕವನ್ನು ತಲೆಕೆಳಗಾಗಿ ತಿರುಗಿಸಿದರೂ ಅವು ಕೂತ ಮನೆಗಳ ಜೋಡಣೆ ಹಾಗೇ ಕಾಣಬೇಕು. ನಿಕೋಲಿಯವು ಮನುಷ್ಯರು ಕಟ್ಟಿದವು. ಲಂಡನ್ನಿನ ಪತ್ರಿಕೆಗೆ ಸುಡೊಕು ಒದಗಿಸಿದ ವೇನ್ ಗೌಲ್ಡ್, ಹಾಂಕಾಂಗಿನಲ್ಲಿ ನ್ಯಾಯಾಧೀಶರಾಗಿದ್ದು ನಿವೃತ್ತರಾದವರು, ಅವನ್ನು ಹುಟ್ಟಿಸುವ ಕಂಪ್ಯೂಟರ್ ಪ್ರೋಗ್ರಾಂ ಬರೆಯಲು ಆರು ವರ್ಷ ತೆಗೆದುಕೊಂಡರು. ಇವತ್ತಿನ ಹೆಚ್ಚಿನ ಆಟಗಳು ಈ ಎರಡನೆಯ ದಾರಿಯವು.

ಪ್ರೋಗ್ರಾಂ ಹುಟ್ಟಿಸಿದ್ದೆಲ್ಲ ಕೆಟ್ಟದ್ದಲ್ಲ. ಆದರೆ ‘ಹತ್ತು ಸಾವಿರ ಸುಡೊಕುಗಳು’ ಎಂಬ ಜಾಹೀರಾತಿಗೆ ಮರುಳಾಗಬೇಡಿ. ಕೊಟ್ಟ ಅಂಕೆ ಕಡಿಮೆಯಾದ ಮಾತ್ರಕ್ಕೆ ಸುಡೊಕು ಕಷ್ಟವಾಗುವುದಿಲ್ಲ. ಒಂದೇ ಉತ್ತರ ಬರಬೇಕಾದರೆ ಕನಿಷ್ಠ 17 ಅಂಕೆ ಕೊಡಬೇಕೆಂದು 2012ರಲ್ಲಿ ಕಂಪ್ಯೂಟರ್ ಹುಡುಕಾಟದಿಂದ ತೋರಿಸಿದರು. ಆ 17 ಅಂಕೆಯ ಸುಡೊಕುಗಳಲ್ಲೂ ಸುಲಭದವು ಎಷ್ಟೋ ಇವೆ. ಕಷ್ಟವನ್ನು ತೀರ್ಮಾನಿಸುವುದು ಯಾವ ತರ್ಕ ಬೇಕಾಗುತ್ತದೆ ಎಂಬುದು. ಮಟ್ಟಗಳನ್ನು ತರ್ಕದ ಮೇಲೆ ವಿಂಗಡಿಸಿದ, ಸಿಕ್ಕಿಕೊಂಡಾಗ ಅಂಕೆ ಬಿಟ್ಟುಕೊಡದೆ ‘ಈ ಸಾಲಿನಲ್ಲಿ ಜೋಡಿ ಹುಡುಕಿ’ ಎಂದು ದಾರಿ ತೋರಿಸುವ ಆಟ ಸಿಕ್ಕರೆ ಅದನ್ನು ಬಿಡಬೇಡಿ.

ತಪ್ಪು ಹಾಕಿದ ಕೂಡಲೇ ಕೆಂಪು ತೋರಿಸುವ ಸೌಲಭ್ಯವನ್ನು ಆಫ್ ಮಾಡಿಡಲು ಬರಬೇಕು. ಅದು ಹಚ್ಚಿಯೇ ಇದ್ದರೆ ಮನಸ್ಸು ತಾನಾಗಿ ಊಹೆಗೆ ಇಳಿಯುತ್ತದೆ: 4 ಹಾಕಿ ನೋಡು, ಕೆಂಪಾಯಿತೇ, ಹಾಗಾದರೆ 7. ಅಲ್ಲಿಗೆ ಆಟ ಮುಗಿದಂತೆ. ಎಲ್ಲ ಗುರುತುಗಳನ್ನೂ ತಾನೇ ತುಂಬಿಕೊಡುವ ಸೌಲಭ್ಯದ ಬಗ್ಗೆ ನನ್ನ ನಿಲುವು ಅಷ್ಟು ಬಿಗಿಯಲ್ಲ. ಡಿಎಸ್‌ನಂಥ ಚಿಕ್ಕ ಪರದೆಯಲ್ಲಿ ಅದು ಗೊಂದಲ, ಡೆಕ್‌ನಲ್ಲಿ ಅತಿ ಕಷ್ಟದ ಒಗಟಿಗೆ ಸಮಯ ಉಳಿತಾಯ. ಹಿಂದಕ್ಕೆ ಹೋಗುವ ಬಟನ್ ಅಂತೂ ಎಷ್ಟು ಹೆಜ್ಜೆಯಾದರೂ ಹಿಂದೆ ಹೋಗುವಂತಿರಬೇಕು.

ಫೋನಿನಲ್ಲೇ ಆಡಬಹುದಲ್ಲ ಎಂದರೆ, ಆಡಬಹುದು. ಉದ್ದಕ್ಕೆ ಹಿಡಿದ ದೊಡ್ಡ ಫೋನಿನಲ್ಲಿ ಮನೆ ಏಳೂವರೆ ಮಿಲಿಮೀಟರ್ ಬರುತ್ತದೆ, ಸ್ವಿಚ್ ಲೈಟ್‌ನಷ್ಟೇ. ಆದರೆ ಅಲ್ಲಿ ಬಟನ್ ಇಲ್ಲ, ನಡುನಡುವೆ ಕರೆ, ಸಂದೇಶ, ಜಾಹೀರಾತು. ಸುಡೊಕುವಿನಲ್ಲಿ ಮುಳುಗಲು ಬಯಸುವವರಿಗೆ ಕನ್ಸೋಲ್ ಕೊಡುವುದು ಆ ಏಕಾಂತ.

ಹಳೆಯ ಯಂತ್ರ ಕೊಳ್ಳುವಾಗ

ಡಿಎಸ್, 3ಡಿಎಸ್‌ಗಳನ್ನು ಈಗ ಬಳಸಿದ್ದನ್ನೇ ಕೊಳ್ಳಬೇಕು. ಸುಡೊಕುವಿಗೆ ಬೇಕಾದದ್ದು ಕೆಳಪರದೆ, ಆದ್ದರಿಂದ ಅದನ್ನೇ ಪರೀಕ್ಷಿಸಿ. ಬೆಳಕಿಗೆ ಓರೆಯಾಗಿ ಹಿಡಿದು ಗೀರು ನೋಡಿ. ಸೆಟ್ಟಿಂಗ್ಸ್‌ನಲ್ಲಿ ಟಚ್ ಸರಿಹೊಂದಿಸುವ ಪುಟ ತೆರೆದು, ತೋರಿಸಿದ ಚುಕ್ಕಿಗಳನ್ನು ಕಡ್ಡಿಯಿಂದ ಮುಟ್ಟಿ. ಆಮೇಲೆ ನಾಲ್ಕೂ ಅಂಚಿಗೆ ತೀರಾ ಹತ್ತಿರ ಮುಟ್ಟಿ ನೋಡಿ. ಮೊದಲ ಮತ್ತು ಒಂಬತ್ತನೆಯ ಸಾಲುಗಳು ಬರುವುದು ಅಲ್ಲೇ, ಸವೆದ ಪರದೆ ಕೈಕೊಡುವುದೂ ಅಲ್ಲೇ. ಮುಚ್ಚಳ ಮುಚ್ಚಿ ತೆರೆದಾಗ ಆಟ ನಿಲ್ಲಿಸಿದಲ್ಲಿಂದಲೇ ಮುಂದುವರಿಯಬೇಕು. ಬ್ಯಾಟರಿ ಉಬ್ಬಿ ಹಿಂಬದಿಯ ಮುಚ್ಚಳ ಎತ್ತಿಕೊಂಡಿದ್ದರೆ ಬೇರೆ ಬ್ಯಾಟರಿ ಹಾಕುವವರೆಗೆ ಚಾರ್ಜ್ ಮಾಡಬೇಡಿ. ಕಡ್ಡಿ ಕಳೆದುಹೋಗಿದ್ದರೆ ಚಿಂತೆಯಿಲ್ಲ, ಆ ಮಾದರಿಗೆ ಹೊಂದುವ ಬೇರೆ ಕಡ್ಡಿ ಸಿಗುತ್ತದೆ. ಪರದೆಗೆ ಮಾತ್ರ ಮೊದಲ ದಿನವೇ ತೆಳು ರಕ್ಷಣಾ ಹಾಳೆ ಅಂಟಿಸಿಬಿಡಿ. ನೂರಾರು ಗುರುತುಗಳನ್ನು ದಿನವೂ ಅದೇ ಮನೆಗಳ ಮೇಲೆ ಬರೆಯುವ ಆಟ ಇದು.